ಲುಡೊವೀನಾ ನಿಲ್ಲುವ ಜಾಗ

ಚೆಸ್ಟ್‌ನಟ್ ಸುಡುವ ಕಾಲ. ಲಿಸ್ಬನ್ನಿನ ಮೂಲೆಮೂಲೆಯಲ್ಲಿ ಕೈಗಾಡಿಗಳ ಹೊಗೆ ಏಳುವ, ಹೊಸ ದ್ರಾಕ್ಷಾರಸದ ಪೀಪಾಯಿಗಳ ಬಿರಡೆ ತೆಗೆಯುವ ನವೆಂಬರ್ ತಿಂಗಳು. ಬೆಳಗಿನ ಜಾವ, ಬೀದಿದೀಪ ಇನ್ನೂ ಆರಿಲ್ಲ. ಮೊರಾರಿಯಾ ಎಂಬ ಹಳೆಯ ಬಡಾವಣೆಯ ಏರುಗಲ್ಲಿಯಲ್ಲಿ ಜೆಫೆರೀನು ಅವರ ಊಟದಂಗಡಿ ಇದೆ. ಅದರ ಅಡುಗೆಮನೆಯಲ್ಲಿ ದೋನಾ ಲುಡೊವೀನಾ ಉಪ್ಪುಮೀನು ನೆನೆಹಾಕಿದ ನೀರನ್ನು ಬಸಿಯುತ್ತಿದ್ದಾರೆ. ಕಲ್ಲಿನ ತೊಟ್ಟಿಯ ಪಕ್ಕ ಆಲೂಗಡ್ಡೆಯ ಬುಟ್ಟಿ, ಅದರಾಚೆ ಹಸಿರು ಸಾರಿಗೆ ಹೆಚ್ಚಬೇಕಾದ ಸೊಪ್ಪಿನ ಕಂತೆ. ಕಿಟಕಿಯ ಹಲಗೆಯ ಮೇಲೆ ಒಂದು ಹಳೆಯ ರೇಡಿಯೊ, ಅದರ ಬೆನ್ನಿಗೆ ರಬ್ಬರ್ ಬ್ಯಾಂಡು.

ರೇಡಿಯೊದಲ್ಲಿ ಸುದ್ದಿ ಮುಗಿದು ಹಾಡು ಬರುತ್ತದೆ. ಎರಡು ಗಿಟಾರು, ಒಂದು ಹೆಣ್ಣುದನಿ. ಲುಡೊವೀನಾ ಕೈ ನಿಲ್ಲಿಸದೆ ಜೊತೆಗೆ ಗುನುಗುತ್ತಾರೆ. ಮಾತು ಗೊತ್ತಿರುವುದೇ.

ಬಾಗಿಲ ಕೀಲಿಗೆ ಎಣ್ಣೆಯ ಬಿಟ್ಟೆ
ಸದ್ದಾಗದೆ ನೀ ಬರಲೆಂದು;
ಸದ್ದೇ ಇಲ್ಲದೆ ಹೊರಟೇ ಹೋದೆ

ಅಲ್ಲಿಗೆ ರೇಡಿಯೊ ನಿಂತುಬಿಡುತ್ತದೆ. ದನಿಯಿಲ್ಲ, ತಂತಿಯಿಲ್ಲ. "ಹೋಯ್ತು ಇದ್ರ ಬ್ಯಾಟರಿ" ಎಂದು ಲುಡೊವೀನಾ ಒದ್ದೆ ಕೈಯಲ್ಲೇ ಅದರ ತಲೆಗೊಂದು ಏಟು ಕೊಡುತ್ತಾರೆ. ಏಟು ಬಿದ್ದ ಕೂಡಲೇ ನಾಲ್ಕನೆಯ ಸಾಲು ಬರುತ್ತದೆ: ಎಣ್ಣೆಯ ಬಿಟ್ಟದ್ದು ನಾನೇ ಅಂದು. ಮುಂದಿನ ಪದ್ಯ, ಮತ್ತೆ ಮೂರು ಸಾಲು, ಮತ್ತೆ ಮೌನ, ಮತ್ತೊಂದು ಏಟು. ಮೂರನೆಯ ಪದ್ಯಕ್ಕೆ ಎತ್ತಿದ ಕೈ ಅರ್ಧದಲ್ಲೇ ನಿಲ್ಲುತ್ತದೆ. ಕೆಟ್ಟಿರುವುದು ರೇಡಿಯೊ ಅಲ್ಲ. ಆ ಮೌನ ಹಾಡಿನೊಳಗಿನದು. ಅದು ಇದೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಲುಡೊವೀನಾ ಇಷ್ಟು ವರ್ಷ ಹಾಡು ನಿಲ್ಲಿಸುತ್ತಾ ಬಂದ ಜಾಗ.

"ಕೇಳಿದಿರಲ್ಲ, ಮೊರಾರಿಯಾದ ಶತಮಾನದ ಹಿಂದಿನ ಕ್ರಮ" ಎಂದು ರೇಡಿಯೊದವನು ಹೇಳುತ್ತಾನೆ. ಹಾಡಿದವಳು ಬೆನೆದೀತಾ, ಹೊಸ ಆಲ್ಬಮ್ಮಿನಿಂದ, ಎಲ್ಲವೂ ಹಳೆಯ ಸಂಪ್ರದಾಯದ ಫಾದೊಗಳು, ಲಿಸ್ಬನ್ನಿನ ಗಲ್ಲಿಗಳಲ್ಲಿ ಹುಟ್ಟಿದ ವಿರಹದ ಹಾಡುಗಳು.

"ಶತಮಾನ ಅಂದ್ರೆ ಎಷ್ಟು ವರ್ಷ?" ಲುಡೊವೀನಾ ಆಗಷ್ಟೇ ಬಾಗಿಲು ತೆರೆಯುತ್ತಿದ್ದ ಜೆಫೆರೀನು ಅವರನ್ನು ಕೇಳುತ್ತಾರೆ.

"ನೂರು."

"ನಂಗೆ ಅಷ್ಟಾಯ್ತಾ?"

ಗೊಂದಲ ಶುರುವಾದದ್ದು ಆ ಬೆಳಗಿನಿಂದ.

ಎಪ್ಪತ್ತಕ್ಕೆ ಹತ್ತಿರವಾದ ಲುಡೊವೀನಾ ಈಗ ನದಿಯಾಚೆಯ ಬಾರೈರುವಿನಲ್ಲಿ ಇರುತ್ತಾರೆ. ಮೊದಲು ಇದೇ ಗಲ್ಲಿಯ ಎರಡನೆಯ ಮಹಡಿಯಲ್ಲಿದ್ದರು. ಮನೆ ಪ್ರವಾಸಿಗರ ವಸತಿಯಾಯಿತು, ಬಾಡಿಗೆ ಏರಿತು, ಅವರು ಪಾತ್ರೆಪಗಡಿ ಕಟ್ಟಿಕೊಂಡು ದೋಣಿ ಹತ್ತಿದರು. ಕತ್ತಲಿರುವಾಗಲೇ ಮೊದಲ ದೋಣಿಗೆ ಬಂದು ಏರುಗಲ್ಲಿಯನ್ನು ಗೋಡೆ ಹಿಡಿದು ಹತ್ತುತ್ತಾರೆ. ಕಾಲಿನ ನರಗಳು ಹಗ್ಗದ ಹಾಗೆ ಎದ್ದಿವೆ. "ದೋಣೀಲಿ ಕೂತ್ರೆ ಕಾಲು ನೋಯಲ್ಲ, ಇಳಿದ್ರೆ ನೋಯ್ತದೆ. ಹಾಗಂತ ದೋಣೀಲೇ ಅಡುಗೆ ಮಾಡಕ್ಕಾಗ್ತದಾ" ಎನ್ನುತ್ತಾರೆ.

ಬೆಟ್ಟದ ಕಡೆಯ ಹಳ್ಳಿಯಿಂದ ಹುಡುಗಿಯಾಗಿದ್ದಾಗಲೇ ಮನೆಗೆಲಸಕ್ಕೆ ಬಂದವರು ಅವರು. ಮೊದಲ ಯಜಮಾನಿಯ ಮನೆಯಲ್ಲಿ ಹಾಡುವಂತಿರಲಿಲ್ಲ, ಹಿತ್ತಲಲ್ಲಿ ಬಟ್ಟೆ ಒಗೆಯುವಾಗಲೂ. ಗಂಡ ಕಾಸಿಮೀರು ಗಾರೆ ಕೆಲಸಕ್ಕೆ ಫ್ರಾನ್ಸಿಗೆ ಹೋದ, ವರ್ಷಗಳಾದ ಮೇಲೆ ಎದೆಯ ಕಾಯಿಲೆ ಹೊತ್ತು ಬಂದ, ಇವರ ಕೈಯ ಸಾರು ಕುಡಿಯುತ್ತಲೇ ತೀರಿಕೊಂಡ. ಕೇಳುವವರೆಲ್ಲ ಹಾಡಿನಲ್ಲಿ ಸದ್ದಿಲ್ಲದೆ ಹೋದವನು ಅವನೇ ಎಂದುಕೊಳ್ಳುತ್ತಾರೆ. ಲುಡೊವೀನಾಗೆ ನಗು. "ನನ್ನ ಗಂಡ ಸದ್ದಿಲ್ದೆ ಹೋದೋನಲ್ಲ. ಫ್ರಾನ್ಸಿಗೆ ಹೋಗೋ ದಿನ ಇಡೀ ಬೀದಿ ಎಬ್ಬಿಸಿ, ಪೆಟ್ಟಿಗೆ ಮೆಟ್ಟಿಲ ಮೇಲೆ ಬೀಳಿಸಿ, ಮರೆತ ಟೋಪಿಗೆ ಮತ್ತೆ ವಾಪಸ್ ಬಂದು ಹೋದ." ಹಾಡಿನ ಮಾತು ಕಟ್ಟಿದವರು ಕೆಳಬೀದಿಯಲ್ಲಿ ಬೀಗ ರಿಪೇರಿ ಮಾಡುತ್ತಿದ್ದ ಫೌಸ್ತೀನು. ಬರೆಯಲು ಬಾರದ ಅವರು ಸಾರಿಗೆ ರೊಟ್ಟಿ ಅದ್ದುತ್ತಾ ಒಂದೊಂದೇ ಸಾಲು ಹೇಳಿಕೊಟ್ಟರು. ಅವರು ಹೋಗಿ ಬಹಳ ಕಾಲವಾಯಿತು, ಹಿಂದೆ ಯಾರೂ ಇಲ್ಲ.

ವಾರವಿಡೀ ಲುಡೊವೀನಾ ಅಡುಗೆಯವರು. ಭಾನುವಾರ ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೆ ಜೆಫೆರೀನು ಕಿಟಕಿ ಮುಚ್ಚುತ್ತಾರೆ, ಒಳಗೆ ಮಬ್ಬಾಗುತ್ತದೆ, ಕೊಡೆ ರಿಪೇರಿಯ ಅಬೀಲಿಯು ಗಿಟಾರನ್ನು ತೊಡೆಗೆ ಏರಿಸುತ್ತಾರೆ. ಪಕ್ಕದಲ್ಲಿ ಅವರ ಸೋದರಳಿಯ ಇನ್ನೊಂದು ಗಿಟಾರು ಹಿಡಿದು ತಾಳಕ್ಕೆ ಕೂರುತ್ತಾನೆ. ಹಾಡುವವರು ಗಲ್ಲಿಯವರೇ. ಮೀನು ಮಾರುವವಳು, ಟ್ಯಾಕ್ಸಿ ಓಡಿಸುವವನು, ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ಕೊನೆಗೆ ಲುಡೊವೀನಾ. ಏಪ್ರನ್ ಬಿಚ್ಚುವುದಿಲ್ಲ. ಒಂದು ಕಾಲು ಅಡುಗೆಮನೆಯಲ್ಲಿ, ಒಂದು ಕಾಲು ಹೊರಗೆ, ಕೈ ಬಾಗಿಲ ಚೌಕಟ್ಟಿನ ಮೇಲೆ. ರಾಗ ಎಲ್ಲರಿಗೂ ಗೊತ್ತಿರುವ ಹಳೆಯ ದುಃಖದ ರಾಗ. ಮೂರು ಸಾಲು ಹಾಡಿ ನಿಲ್ಲಿಸುತ್ತಾರೆ. ಅಬೀಲಿಯು ತಂತಿಯ ಮೇಲಿಂದ ಕೈ ಎತ್ತುತ್ತಾರೆ. ಲುಡೊವೀನಾ ಒಳಗೆ ತಿರುಗಿ, ಬಾಣಲೆಯಲ್ಲಿ ಬೇಯುತ್ತಿರುವ ಪತನಿಷ್ಕಗಳನ್ನು, ಅಂದರೆ ಉಪ್ಪುಮೀನು ಹಿಟ್ಟಿಗೆ ಕಲಸಿ ಕರಿಯುವ ಆ ಚಪ್ಪಟೆ ಬೋಂಡಗಳನ್ನು, ಮಗುಚಿ ಹಾಕಿ ಬರುತ್ತಾರೆ. ಆಮೇಲೆ ನಾಲ್ಕನೆಯ ಸಾಲು. ಅಷ್ಟು ಹೊತ್ತು ಒಂದು ಚಮಚವೂ ಅಲುಗುವುದಿಲ್ಲ. ಕಣ್ಣೊರೆಸಿಕೊಳ್ಳುವವರು ಇರುತ್ತಾರೆ.

ಬೆನೆದೀತಾ ಈ ಅಂಗಡಿಗೆ ಮೊದಲು ಬಂದದ್ದು ಎರಡು ಚಳಿಗಾಲದ ಹಿಂದೆ. ಆಗಲೇ ಹೆಸರಾಗಿದ್ದವಳು. ಡ್ರಮ್ಮು, ಕರೆಂಟಿನ ವಾದ್ಯ, ಬಣ್ಣದ ಬೆಳಕು ಎಲ್ಲ ಇಟ್ಟುಕೊಂಡು ಹಾಡುತ್ತಿದ್ದವಳು. ಮೂಲೆಯಲ್ಲಿ ಕೂತು ಸಾರು ಕುಡಿದು ಹೋಗುತ್ತಿದ್ದಳು. ಎಷ್ಟೋ ಭಾನುವಾರ ಕಳೆದ ಮೇಲೆ ಒಂದು ಬೆಳಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ದೋನಾ, ಅದನ್ನ ನಂಗೆ ಹೇಳ್ಕೊಡ್ತೀರಾ?"

"ಮೊದ್ಲು ಈ ಆಲೂಗಡ್ಡೆ ಸುಲಿ. ಕೈ ಸುಮ್ನಿದ್ರೆ ನಂಗೆ ಹೇಳ್ಕೊಡಕ್ಕೆ ಬರಲ್ಲ."

ಹುಡುಗಿ ಸುಲಿದಳು, ಕೆಟ್ಟದಾಗಿ ಸುಲಿದಳು. ಸಿಪ್ಪೆಯಲ್ಲೇ ಅರ್ಧ ಆಲೂಗಡ್ಡೆ ಹೋಯಿತು. ಆದರೆ ಹಾಡು ಕಲಿತಳು. ಲುಡೊವೀನಾ ಕೊಟ್ಟರು, ಅವಳು ತಗೊಂಡಳು, ಇಬ್ಬರ ಮನಸ್ಸಲ್ಲೂ ಕಳ್ಳತನದ ಮಾತಿರಲಿಲ್ಲ. ಫಾದೊ ಹೀಗೇ ಬಾಯಿಂದ ಬಾಯಿಗೆ ಹೋಗುವುದು. ನಿಲ್ಲಿಸುವ ಜಾಗ ಬಂದಾಗ ಹುಡುಗಿ ಏನನ್ನೂ ಕೇಳಲಿಲ್ಲ, ಕಣ್ಣು ಮುಚ್ಚಿ ಕಾದಳು. ಲುಡೊವೀನಾ ಏನನ್ನೂ ಹೇಳಲಿಲ್ಲ, ಸೊಪ್ಪು ಹೆಚ್ಚುತ್ತಿದ್ದರು.

ಇನ್ನೊಂದು ನಡೆ ಇದೆ, ಅದನ್ನು ಹೇಳದೆ ಮುಂದಿನದು ಅರ್ಥವಾಗದು. ಹಳೆಯ ಫಾದೊಗಳ ರಾಗ ಯಾರ ಮನೆಯದೂ ಅಲ್ಲ, ಯಾರು ಬೇಕಾದರೂ ತಮ್ಮ ಮಾತು ಹಾಕಿ ಹಾಡಬಹುದು. ಆದರೆ ಒಬ್ಬರ ಬಾಯಲ್ಲಿ ನೆಲೆ ನಿಂತ ಹಾಡನ್ನು, ಅವರು ಎದುರಿಗೆ ಕೂತಿರುವಾಗ, ಅವರನ್ನು ಕೇಳದೆ ಇನ್ನೊಬ್ಬರು ಹಾಡುವಂತಿಲ್ಲ. ಕೇಳಿದರೆ ಯಾರೂ ಬೇಡವೆನ್ನುವುದಿಲ್ಲ. ಆದರೆ ಗಿಟಾರಿನವರ ಎದುರು ಕೇಳಿದವರು, ಆ ಹಾಡು ನನ್ನದಲ್ಲ ಎಂದು ಒಪ್ಪಿದ ಹಾಗೆ. ಮೊರಾರಿಯಾದಲ್ಲಿ ಇದಕ್ಕಿಂತ ದೊಡ್ಡ ದಾಖಲೆ ಇಲ್ಲ.

ರೇಡಿಯೊದಲ್ಲಿ ಹಾಡು ಬಂದ ಕೆಲವೇ ದಿನಕ್ಕೆ ಒಂದು ಭಾನುವಾರ ಬೆನೆದೀತಾ ಸ್ನೇಹಿತರನ್ನು ಕರೆದುಕೊಂಡು ಬಂದಳು. ಅಂಗಡಿ ತುಂಬಿತ್ತು. ಲುಡೊವೀನಾ ಗಡಿಬಿಡಿಯಲ್ಲಿ ಅಕ್ಕಿಗೆ ಎರಡು ಸಲ ಉಪ್ಪು ಹಾಕಿದರು. ಸರದಿ ಬಂದಾಗ ಬಾಗಿಲಲ್ಲಿ ನಿಂತು, ಕೈ ಏಪ್ರನ್ನಿಗೆ ಒರೆಸಿ, ಅಬೀಲಿಯು ಅವರಿಗೆ ರಾಗ ಹೇಳಿದರು. ಆಮೇಲೆ ಎದುರಿಗೆ ಕೂತ ಹುಡುಗಿಯನ್ನು ನೋಡಿದರು. ಮನೆಗೆ ಬಂದವರನ್ನು ಇನ್ನೊಂದು ಸೌಟು ಬಡಿಸಲಾ ಎಂದು ಕೇಳುವ ಅದೇ ದನಿಯಲ್ಲಿ ಕೇಳಿಬಿಟ್ಟರು:

"ಹುಡುಗಿ, ನಾನಿದನ್ನ ಹಾಡ್ಲಾ?"

ಬೆನೆದೀತಾ ಬಾಯಲ್ಲಿ ತುತ್ತಿತ್ತು. ಗಾಬರಿಯಾಗಿ ತಲೆಯಾಡಿಸಿದಳು. "ಹಾಡಿ ದೋನಾ, ಹಾಡಿ."

ಹೊರಗಿನಿಂದ ಬಂದವರಿಗೆ ಏನೂ ಗೊತ್ತಾಗಲಿಲ್ಲ. ಗಲ್ಲಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಬೀಲಿಯು ಬಾರಿಸಿದರು, ಆದರೆ ತಲೆ ಎತ್ತಲಿಲ್ಲ. ಹಾಡು ಮುಗಿದ ಮೇಲೆ ಗಿಟಾರನ್ನು ಚೀಲಕ್ಕೆ ತುಂಬಿ ನೇರ ಅಡುಗೆಮನೆಗೆ ಬಂದರು.

"ಏನ್ ಮಾಡ್ದೆ ಗೊತ್ತಾ?"

"ಏನ್ ಮಾಡ್ದೆ? ಮರ್ಯಾದೆಗೆ ಒಂದ್ಮಾತು ಕೇಳ್ದೆ."

"ಮರ್ಯಾದೆಗೆ ಸಾರು ಬೇಕಾ ಅಂತ ಕೇಳು. ಕಾಫಿ ಬೇಕಾ ಅಂತ ಕೇಳು. ನಿನ್ ಫಾದೊ ಹಾಡಕ್ಕೆ ನೀನು ಅಪ್ಪಣೆ ಕೇಳ್ತೀಯಾ? ನನ್ನೆದುರಿಗೆ ಕೇಳ್ದೆ. ಮುಗೀತು. ಇನ್ನದು ಅವಳದ್ದು."

"ಅವಳು ಹಾಗಂತ ಹೇಳಿಲ್ವಲ್ಲ."

"ಹಾಡಿ ಅಂದ್ಳು. ಅಂದ್ರೆ ಕೊಡೋಕೆ ಅವಳ ಹತ್ರ ಇತ್ತು ಅಂತಾಯ್ತು. ನಿಂಗೆ ತಲೆ ಎಲ್ಲಿತ್ತು?"

"ಅಕ್ಕಿ ಹತ್ರ ಇತ್ತು. ಉಪ್ಪಾಗಿತ್ತು."

ಅಬೀಲಿಯು ಬಾಗಿಲು ದೂಡಿಕೊಂಡು ಹೋದರು. ಮುಂದಿನ ಭಾನುವಾರ ಬಂದರು, ಇಬ್ಬರೂ ಮಾತಾಡಲಿಲ್ಲ. ಅವತ್ತು ಲುಡೊವೀನಾ ಹಾಡಿದರು, ಯಾರನ್ನೂ ಕೇಳದೆ, ಆದರೆ ಕೇಳಬೇಕಿತ್ತೇನೋ ಎನ್ನುವ ಅಳುಕಿನಲ್ಲೇ. ಹಾಡು ಮುಗಿದಾಗ ಬೇರೆ ಬಡಾವಣೆಯಿಂದ ಬಂದ ಒಬ್ಬ ಹೆಂಗಸು ಅವರ ಕೈ ಹಿಡಿದು ಪ್ರೀತಿಯಿಂದಲೇ ಹೇಳಿದಳು. "ಎಷ್ಟ್ ಚೆನ್ನಾಗಿ ಹಾಡಿದ್ರಿ. ಥೇಟ್ ಬೆನೆದೀತಾ. ಆ ನಿಲ್ಸೋದು ಕೂಡ ಹಾಗೇ ಕಲ್ತಿದೀರಲ್ಲ."

ಲುಡೊವೀನಾ "ಒಳ್ಳೇದು ತಾಯಿ" ಎಂದರು. ಒಳಗೆ ಹೋಗಿ ಒಲೆ ಆರಿಸಿದರು.

ಅಂದಿನಿಂದ ಬಾಗಿಲಿಗೆ ಬರಲಿಲ್ಲ. ಕ್ರಿಸ್ಮಸ್ ಬಂತು, ಹೋಯಿತು. ಜನ ಕೇಳಿದರೆ "ಗಂಟಲು ಕೆಟ್ಟಿದೆ" ಎಂಬ ಉತ್ತರ. ಜೆಫೆರೀನು ಗೊಣಗಿದರು, ಭಾನುವಾರದ ಮೇಜುಗಳು ಬೇಗ ಖಾಲಿಯಾಗುತ್ತಿವೆ ಎಂದು. "ಬೇರೇದಾದ್ರೂ ಹಾಡು ದೋನಾ. ಒಂದೇ ಹಾಡಾ ಇರೋದು ಲೋಕದಲ್ಲಿ?"

"ಲೋಕದಲ್ಲಿ ಬೇಕಾದಷ್ಟಿವೆ. ನನ್ನತ್ರ ಇದ್ದಿದ್ದು ಅದೊಂದೇ."

ಇಷ್ಟು ಹೇಳಿದ ಮೇಲೂ ಅವರಿಗೆ ಸಮಾಧಾನವಿರಲಿಲ್ಲ. ಯಾಕೆಂದರೆ ಏನು ಕಳೆದುಹೋಗಿದೆ ಎಂದು ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ. ರಾಗ ಊರಿನದು. ಮಾತು ಫೌಸ್ತೀನು ಅವರದು. ಉಳಿದದ್ದು ಒಂದು ಖಾಲಿ ಜಾಗ. ಖಾಲಿ ಜಾಗವನ್ನು ನನ್ನದು ಎಂದು ಯಾವ ಬಾಯಲ್ಲಿ ಹೇಳುವುದು? ಔಷಧಿ ಅಂಗಡಿಯಲ್ಲಿ, ದೋಣಿಯ ಕ್ಯಾಂಟೀನಿನಲ್ಲಿ, ಎಲ್ಲೆಲ್ಲೂ ಆ ಆಲ್ಬಂ ಕೇಳಿಸುತ್ತಿತ್ತು. ಮೂರನೆಯ ಸಾಲು ಮುಗಿದಾಗ ಲುಡೊವೀನಾ ಕೈ ತಂತಾನೇ ಏನನ್ನೋ ಹುಡುಕುತ್ತಿತ್ತು. ದೋಣಿಯಲ್ಲಿ ಪಕ್ಕದವನ ಕೊಡೆ ಹಿಡಿದೆಳೆದರಂತೆ ಒಂದು ಸಲ.

ಜನವರಿಯ ಒಂದು ಮಳೆ ಬೆಳಗ್ಗೆ ಬೆನೆದೀತಾ ಒಬ್ಬಳೇ ಬಂದಳು. ತಲೆ ಒದ್ದೆ. ಬಂದವಳೇ ಆಲೂಗಡ್ಡೆ ಬುಟ್ಟಿಯ ಮುಂದೆ ಕೂತು ಚಾಕು ತೆಗೆದುಕೊಂಡಳು. ಅಂಗಡಿಯಲ್ಲಿ ಅಬೀಲಿಯು ಕಾಫಿ ಕುಡಿಯುತ್ತಿದ್ದರು, ಜೆಫೆರೀನು ಲೋಟ ಒರೆಸುತ್ತಿದ್ದರು.

"ನೀವು ಹಾಡ್ತಿಲ್ಲ ಅಂತ ಮೀನಿನವಳು ಹೇಳಿದ್ಳು" ಎಂದಳು. "ನಾನವತ್ತು ಹಾಡಿ ಅನ್ನಬಾರದಿತ್ತು. ನನ್ನನ್ನ ಯಾಕೆ ಕೇಳ್ತೀರಿ ಅನ್ನಬೇಕಿತ್ತು. ಬಾಯಲ್ಲಿ ತುತ್ತಿತ್ತು."

"ನಂಗೂ ಉಪ್ಪಿನ ಯೋಚನೆ ಇತ್ತು."

"ಈಗ ಏನ್ ಮಾಡೋದು?"

ಅಬೀಲಿಯು ಲೋಟ ಕೆಳಗಿಟ್ಟರು. ಹಾಗೆ ಕೈಸೇರಿದ ಹಾಡನ್ನು ಗಿಟಾರಿನವರ ಮುಂದೆಯೇ ವಾಪಸ್ ಕೊಟ್ಟುಬಿಡಬಹುದು, ಅದೊಂದೇ ದಾರಿ ಎಂದರು. "ಭಾನುವಾರ ಎಲ್ಲರ ಮುಂದೆ ಎದ್ದು ನಿಂತು, ಇದನ್ನ ದೋನಾ ಲುಡೊವೀನಾಗೆ ಕೊಟ್ಟೆ ಅನ್ನು."

"ನಂದಲ್ಲದ್ದನ್ನ ನಾನು ಹೇಗ್ ಕೊಡ್ಲಿ ಸೆನ್ಯೋರ್ ಅಬೀಲಿಯು? ನಂಗೆ ನಾಚಿಕೆ ಆಗಲ್ವಾ?"

"ನನ್ನದನ್ನೇ ನಾನು ದಾನ ತಗೊಳ್ಲಾ?" ಎಂದರು ಲುಡೊವೀನಾ. "ಬೇಡಪ್ಪ."

ಆಮೇಲೆ ಬೆನೆದೀತಾ ಬಹಳ ದಿನದಿಂದ ಹೊತ್ತಿದ್ದದ್ದನ್ನು ಇಳಿಸಿದಳು. ಸ್ಟುಡಿಯೊದಲ್ಲಿ ಎಲ್ಲರೂ ಕೇಳಿದ್ದರಂತೆ, ಇಲ್ಲಿ ಯಾಕೆ ನಿಲ್ಲಿಸುತ್ತೀ ಎಂದು. ಹಳೆಯ ಕ್ರಮ ಎಂದಿದ್ದಳು. ಅವಳಿಗೂ ಹಾಗೇ ಅನಿಸಿತ್ತು. "ಕಣ್ಮುಚ್ಕೊಂಡು ನಿಂತೆ. ಸತ್ತವರನ್ನ ನೆನೆಯೋ ಜಾಗ ಅಂದ್ಕೊಂಡೆ. ನಮ್ಮಜ್ಜೀನ ನೆನೆದೆ. ದೋನಾ, ನೀವು ಅಲ್ಲಿ ಯಾರನ್ನ ನೆನೀತೀರಿ?"

"ನಾನಾ? ಪತನಿಷ್ಕ ಮಗುಚ್ತೀನಿ."

ಹುಡುಗಿ ಚಾಕು ಕೆಳಗಿಟ್ಟಳು. ನಗಬೇಕೋ ಅಳಬೇಕೋ ಎಂದು ಮುಖಕ್ಕೆ ತಿಳಿಯಲಿಲ್ಲ. ಅವಳನ್ನು ನೋಡಿ ಲುಡೊವೀನಾಗೆ ಪಾಪ ಎನಿಸಿರಬೇಕು, ಬಿಡಿಸಿ ಹೇಳಿದರು. ಎಷ್ಟೋ ವರ್ಷದ ಹಿಂದೆ ಒಂದು ಭಾನುವಾರ ಹಾಡಿನ ಮಧ್ಯೆ ಎಣ್ಣೆ ಸೀದ ವಾಸನೆ ಬಂತು, ಓಡಿಹೋಗಿ ಮಗುಚಿ ಬಂದು ಉಳಿದ ಸಾಲು ಹಾಡಿದರು. ಜನ ಕಣ್ಣೀರು ಹಾಕಿದರು. ಮುಂದಿನ ವಾರ ಬಾಣಲೆ ಇರಲಿಲ್ಲ, ಆದರೂ ಜನ ಅದೇ ಜಾಗಕ್ಕೆ ಕಾದರು. ಆಮೇಲಿಂದ ಬಾಣಲೆಯನ್ನೇ ಆ ಹೊತ್ತಿಗೆ ಸರಿಯಾಗಿ ಇಡುವುದು ರೂಢಿಯಾಯಿತು.

"ಸುಳ್ಳು" ಎಂದರು ಅಬೀಲಿಯು. "ಅವತ್ತು ಬಾಣಲೆ ಎಲ್ಲಿತ್ತು? ಗ್ಯಾಸ್ ಮುಗಿದಿತ್ತು, ಎಲ್ರಿಗೂ ತಣ್ಣಗಿನ ಸಾರ್ಡೀನ್ ಕೊಟ್ಟೆ ನೀನು. ನಿಂತಿದ್ದು ನಾನು. ನನ್ನ ಹೆಬ್ಬೆರಳ ಉಗುರು ಕಿತ್ತುಬಂತು, ತಂತಿ ಮೇಲಿಂದ ಕೈ ತೆಗ್ದೆ. ನೀನು ನನಗೋಸ್ಕರ ಕಾದೆ."

"ಇಬ್ರಿಗೂ ವಯಸ್ಸಾಯ್ತು" ಎಂದರು ಜೆಫೆರೀನು ಲೋಟವನ್ನು ಬೆಳಕಿಗೆ ಹಿಡಿದು. "ಬಾಣಲೇನೂ ಅಲ್ಲ, ಉಗುರೂ ಅಲ್ಲ. ಅವತ್ತು ಕಾಸಿಮೀರು ಬಾಗಿಲಿಗೆ ಬಂದಿದ್ದ, ಫ್ರಾನ್ಸಿಂದ, ಪೆಟ್ಟಿಗೆ ಸಮೇತ. ದೋನಾ ಅವನನ್ನ ನೋಡಿ ಮಾತು ಮರೆತು ನಿಂತ್ರು. ನಮ್ಮಪ್ಪ ಆಗಿನ್ನೂ ಇದ್ದ. ನಾನು ಇಲ್ಲೇ ನಿಂತಿದ್ದೆ."

"ಅವನು ಬಂದಿದ್ದು ಮಂಗಳವಾರ" ಎಂದರು ಲುಡೊವೀನಾ.

"ಭಾನುವಾರ."

"ಮಂಗಳವಾರ ಕಣಯ್ಯಾ. ನನ್ ಗಂಡ ಬಂದ ದಿನ ನಂಗೆ ಗೊತ್ತಿರಲ್ವಾ?"

ಹಾಗೆಂದವರು ಕೈಯಲ್ಲಿದ್ದ ಸೊಪ್ಪನ್ನು ನೋಡುತ್ತಾ ನಿಂತರು. ಮಂಗಳವಾರವೇ? ಪೆಟ್ಟಿಗೆ ನೆನಪಿದೆ, ಎದೆಯ ಕೆಮ್ಮು ನೆನಪಿದೆ, ಏಪ್ರನ್ನಿನ ಮೇಲೆ ಎಣ್ಣೆಯ ಕಲೆ ಇದ್ದದ್ದು ನೆನಪಿದೆ. ಕಲೆ ಇದ್ದರೆ ಬಾಣಲೆ ಇದ್ದಿರಬೇಕು. ಬಾಣಲೆ ಇದ್ದರೆ ಭಾನುವಾರವೂ ಇರಬಹುದು. ಮೂರು ಜನರ ಮೂರು ನೆನಪು, ಮೂರೂ ಗಟ್ಟಿ. ಅವರಿಗೆ ಮೊದಲ ಸಲ ಅನಿಸಿತು, ಆ ಜಾಗದಲ್ಲಿ ತಾನು ಏನು ಮಾಡುತ್ತಿದ್ದೇನೆಂದು ತನಗೂ ಗೊತ್ತಿಲ್ಲವೇನೋ.

"ಒಂದ್ ಕೆಲ್ಸ ಮಾಡು ಹುಡುಗಿ" ಎಂದರು ಕೊನೆಗೆ. "ಭಾನುವಾರ ಬಾ. ಇಲ್ಲೇ ನಿಂತು ಅದನ್ನ ಹಾಡು. ಕೊಡೋದು ಬೇಡ, ತಗೊಳೋದು ಬೇಡ. ನಾನು ಒಳಗೆ ಪತನಿಷ್ಕ ಕರೀತಾ ಇರ್ತೀನಿ. ಇಷ್ಟ್ ವರ್ಷ ನಾನದನ್ನ ಹೊರಗಿಂದ ಕೇಳೇ ಇಲ್ಲ."

"ರೇಡಿಯೊದಲ್ಲಿ ಕೇಳಿದ್ರಲ್ಲ."

"ಅದಕ್ಕೆ ಹೊಡೀತಾ ಇದ್ದೆ. ಸರಿಯಾಗಿ ಕೇಳಿಸ್ಲಿಲ್ಲ."

ಭಾನುವಾರ ಬೆನೆದೀತಾ ಬರುತ್ತಾಳೆ. ಸುದ್ದಿ ಹೇಗೋ ಹಬ್ಬಿದೆ, ಗಲ್ಲಿಯ ಜನ ಗೋಡೆಗೆ ಒತ್ತಿ ನಿಂತಿದ್ದಾರೆ. ಜೆಫೆರೀನು ಕಿಟಕಿ ಮುಚ್ಚುತ್ತಾರೆ. ಹುಡುಗಿ ಕಪ್ಪು ಶಾಲು ಹೊದ್ದು ಗಿಟಾರುಗಳ ಮುಂದೆ ನಿಲ್ಲುತ್ತಾಳೆ. ಅಬೀಲಿಯು ಯಾವ ಕಡೆಗೂ ನೋಡದೆ ತಂತಿ ಮೀಟುತ್ತಾರೆ. ಒಳಗೆ ಲುಡೊವೀನಾ ಹಿಟ್ಟು ಕಲಸಿ ಎಣ್ಣೆಗೆ ಬಿಡುತ್ತಿದ್ದಾರೆ. ಬಾಗಿಲು ತೆರೆದಿದೆ, ಆದರೆ ಅವರು ಬಾಗಿಲಲ್ಲಿಲ್ಲ.

ಮೊದಲ ಪದ್ಯ. ಹುಡುಗಿಯ ದನಿ ಚೆನ್ನಾಗಿದೆ, ತನ್ನದಕ್ಕಿಂತ ಚೆನ್ನಾಗಿದೆ ಎಂದು ಲುಡೊವೀನಾ ಮನಸ್ಸಿನಲ್ಲೇ ಒಪ್ಪುತ್ತಾರೆ. ಸದ್ದೇ ಇಲ್ಲದೆ ಹೊರಟೇ ಹೋದೆ. ಅಲ್ಲಿಗೆ ಎಲ್ಲ ನಿಲ್ಲುತ್ತದೆ. ಅಂಗಡಿಯಲ್ಲಿ ಉಸಿರಿಲ್ಲ. ಬಾಣಲೆಯ ಸದ್ದು ಒಂದೇ ಇಡೀ ಅಂಗಡಿಗೆ ಕೇಳುತ್ತದೆ. ಇಷ್ಟು ಉದ್ದವೇ ಇದು? ಇಷ್ಟು ಹೊತ್ತು ಜನರನ್ನು ಕಾಯಿಸುತ್ತಿದ್ದೆನೇ ನಾನು? ಸೌಟು ಹಿಡಿದ ಕೈ ಮಗುಚುವುದನ್ನು ಮರೆಯುತ್ತದೆ. ಆಗ ಬೆನೆದೀತಾ ನಾಲ್ಕನೆಯ ಸಾಲು ಹಾಡುತ್ತಾಳೆ. ಗಲ್ಲಿಯವರು ಉಸಿರು ಬಿಡುತ್ತಾರೆ.

ಎರಡನೆಯ ಪದ್ಯದಲ್ಲೂ ಮೂರು ಸಾಲು. ಮತ್ತೆ ಅದೇ ಮೌನ. ಈ ಸಲ ಲುಡೊವೀನಾ ಮಗುಚುತ್ತಾರೆ, ಒಂದು, ಇನ್ನೊಂದು. ಮಗುಚುತ್ತಿರುವಾಗಲೇ ನಾಲ್ಕನೆಯ ಸಾಲು ಅಡುಗೆಮನೆಯಿಂದ ಬರುತ್ತದೆ.

ದೊಡ್ಡ ದನಿಯಲ್ಲಿ ಅಲ್ಲ. ಒಲೆಗೆ ಮುಖ ಮಾಡಿ, ಬೆನ್ನು ಜನರ ಕಡೆಗೆ. ಅಬೀಲಿಯು ಅವರ ಹೆಬ್ಬೆರಳು ತಾನು ಬೀಳಬೇಕಾದ ಕಡೆ ಬೀಳುತ್ತದೆ, ಅದು ಯಾರ ಅಪ್ಪಣೆಗೂ ಕಾಯಲಿಲ್ಲ. ಬೆನೆದೀತಾ ಆಗಲೇ ಬಾಯಿ ತೆರೆದಿದ್ದವಳು ಮುಚ್ಚುತ್ತಾಳೆ. ತಿರುಗಿ ನೋಡುವುದಿಲ್ಲ. ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಕೊನೆಯ ಪದ್ಯಕ್ಕೆ ಹೋಗುತ್ತಾಳೆ. ಮೂರು ಸಾಲು ತಾನು ಹಾಡಿ, ನಿಲ್ಲುತ್ತಾಳೆ. ಕಾಯುತ್ತಾಳೆ. ಈಗ ಕಣ್ಣು ತೆರೆದೇ ಇದೆ. ಒಳಗಿನಿಂದ ಸಾಲು ಬರುತ್ತದೆ.

ಚಪ್ಪಾಳೆ ತಡವಾಗಿ ಬಂತು. ಯಾರಿಗೆ ತಟ್ಟಬೇಕೆಂದು ಜನರಿಗೆ ಗೊತ್ತಾಗಲಿಲ್ಲ. ಅರ್ಧ ಮುಖಗಳು ಹುಡುಗಿಯ ಕಡೆ, ಅರ್ಧ ಬಾಗಿಲ ಕಡೆ. ಲುಡೊವೀನಾ ಪತನಿಷ್ಕದ ತಟ್ಟೆ ಹಿಡಿದು ಹೊರಬಂದಾಗ ಮುಖ ಕೆಂಪಾಗಿತ್ತು, ಒಲೆಯ ಮುಂದೆ ನಿಂತರೆ ಯಾವಾಗಲೂ ಹಾಗೇ.

"ನಾನು ಹಾಡಬೇಕು ಅಂತ ಹಾಡಿದ್ದಲ್ಲ" ಎಂದರು ಯಾರೂ ಕೇಳದಿದ್ದರೂ. "ಜಾಗ ಖಾಲಿ ಇತ್ತು."

ಹಾಗಾದರೆ ಈಗ ಅದು ಯಾರದು? ಗಲ್ಲಿಯಲ್ಲಿ ಈ ಮಾತು ಇನ್ನೂ ತೀರಿಲ್ಲ. ಲುಡೊವೀನಾ ಕೇಳಲಿಲ್ಲ, ಆದ್ದರಿಂದ ಅವರದು ಎನ್ನುವವರಿದ್ದಾರೆ. ಬೆನೆದೀತಾ ಕೂಡ ಕೇಳಲಿಲ್ಲವಲ್ಲ ಎನ್ನುವವರಿದ್ದಾರೆ. ಹೀಗೆ ಒಂದೇ ಫಾದೊವನ್ನು ಇಬ್ಬರು ಹಾಡಿದ್ದನ್ನು ಯಾರೂ ಕಂಡಿಲ್ಲ, ಇದಕ್ಕೆ ನಡೆ ಏನೆಂದು ಯಾರಿಗೂ ತಿಳಿಯದು. ಅಬೀಲಿಯು ಅವರನ್ನು ಕೇಳಿದರೆ ಕೊಡೆಯ ಕಡ್ಡಿ ಸರಿಮಾಡುತ್ತಾ ಹೇಳುತ್ತಾರೆ. "ನನ್ನೆದುರಿಗೆ ಯಾರೂ ಕೇಳಿಲ್ಲ, ಯಾರೂ ಕೊಟ್ಟಿಲ್ಲ. ನಾನು ಬಾರಿಸ್ದೆ ಅಷ್ಟೆ. ನನ್ನನ್ನ ಎಳೀಬೇಡಿ." ಆದರೆ ಲುಡೊವೀನಾ ಜೊತೆ ಮಾತು ಶುರುವಾಗಿದೆ, ಸಾರಿಗೆ ಉಪ್ಪು ಕಡಿಮೆ ಎಂದು ದೂರುವಷ್ಟು.

ಲುಡೊವೀನಾ ಈಗ ಪ್ರತಿ ಭಾನುವಾರ ಹಾಡುತ್ತಾರೆ. ಥೇಟ್ ಬೆನೆದೀತಾ ಎನ್ನುವವರು ಈಗಲೂ ಬರುತ್ತಾರೆ. "ಅನ್ನಲಿ ಬಿಡಿ" ಎನ್ನುತ್ತಾರೆ. "ಅವರು ಹೇಳೋದೂ ಸುಳ್ಳಲ್ಲ. ಅವಳು ನನ್ ಥರ ಹಾಡ್ತಾಳೆ, ನಾನು ಅವಳ ಥರ ಹಾಡ್ತೀನಿ. ಯಾವುದು ಮೊದಲು ಅಂತ ಯೋಚನೆ ಮಾಡಿದ್ರೆ ಎಣ್ಣೆ ಸೀದುಹೋಗ್ತದೆ." ಇನ್ನೇನಾದರೂ ಆಸೆ ಇದೆಯೇ ಎಂದರೆ ಅಡುಗೆಮನೆಯ ಬಾಗಿಲ ಕಡೆ ಕೈ ತೋರಿಸುತ್ತಾರೆ. "ಕಾಲು ಬಿಡೋವರೆಗೂ ಆ ಬಾಗಿಲಲ್ಲಿ ನಿಲ್ಲಬೇಕು. ಯಾರನ್ನೂ ಕೇಳ್ದೆ ನಿಲ್ಲಬೇಕು."

ಬೆನೆದೀತಾಗೆ ಆಲ್ಬಮ್ಮಿನ ಹಾಡುಗಳನ್ನು ಹಿಡಿದು ಊರೂರು ಸುತ್ತುವುದಿತ್ತು. ಹೊರಡುವ ಮುನ್ನಾದಿನ ಬಂದು ಅಡುಗೆಮನೆಯಲ್ಲಿ ಕೂತಳು. ಲುಡೊವೀನಾ ದಾರಿಗೆಂದು ಪತನಿಷ್ಕಗಳನ್ನು ಕಾಗದದಲ್ಲಿ ಕಟ್ಟುತ್ತಿದ್ದರು.

"ಅಲ್ಲಿ ದೊಡ್ಡ ಸಭಾಂಗಣ ದೋನಾ. ಅಡುಗೆಮನೆ ಇಲ್ಲ. ಆ ಜಾಗ ಬಂದಾಗ ನಾನೇನ್ ಮಾಡ್ಲಿ? ಈಗ ಅಜ್ಜೀನ ನೆನೆಯಕ್ಕೂ ಆಗ್ತಿಲ್ಲ."

ಲುಡೊವೀನಾ ದಾರ ಬಿಗಿದು ಗಂಟು ಹಾಕಿದರು. "ನಿಂತ್ಕೋ. ಯಾರಾದ್ರೂ ಬರ್ತಾರೇನೋ ನೋಡು."

ಗುರುವಾರ ಬೆಳಗಿನ ರೈಲಿಗೆ ಬೆನೆದೀತಾ ಮೊದಲ ಕಛೇರಿಗೆಂದು ಉತ್ತರದ ಪೋರ್ತೊ ನಗರಕ್ಕೆ ಹೋದಳು.